ಗಡಿ ಬೋರ್ಡಿನ ಬಳಿ ನಿಂತ ಬಸ್ಸು

ಮೂರು ತಾಲೂಕಿನ ಸರಕಾರಿ ಆಫೀಸುಗಳಲ್ಲಿ ಯಾವ ಬೆಂಚು ಹೆಚ್ಚು ಗಟ್ಟಿ ಎಂದು ತಿಳಿಯಬೇಕಿದ್ದರೆ ವೇಣೂರಿನ ಹರಿಣಾಕ್ಷಿಯನ್ನು ಕೇಳಿ. ಒಂದು ಕಡೆಯ ಬೆಂಚಿಗೆ ಒಂದು ಕಾಲು ಗಿಡ್ಡ. ಈ ತುದಿಯವರು ಎದ್ದರೆ ಆ ತುದಿಯವರು ಬೀಳುತ್ತಾರೆ. ಇನ್ನೊಂದು ಕಡೆ ಬೆಂಚೇ ಇಲ್ಲ, ಗೋಡೆಗೆ ಒರಗಬೇಕು, ಸುಣ್ಣ ಬೆನ್ನಿಗೆ ಹತ್ತುತ್ತದೆ. ನಾಲ್ಕು ತಿಂಗಳು ಅವಳು ಹೀಗೆ ಕೂತಳು, ನಿಂತಳು, ಒರಗಿದಳು. ಹೊಟ್ಟೆಯೊಳಗಿನ ಸಿಟ್ಟು ಮಾತ್ರ ಕೂತಲ್ಲಿಂದ ಅಲುಗಾಡಲಿಲ್ಲ.

ಹರಿಣಾಕ್ಷಿ ಶಾಲಾ ಬಸ್ಸಿನ ಆಯಾ. ಮಕ್ಕಳನ್ನು ಹತ್ತಿಸುವುದು, ಇಳಿಸುವುದು, ವಾಂತಿ ಮಾಡಿದರೆ ಒರೆಸುವುದು, ಕಿಟಕಿಯಿಂದ ಕೈ ಹೊರಗೆ ಹಾಕಿದವರನ್ನು ಗದರಿಸುವುದು, ಹನ್ನೊಂದು ವರ್ಷ ಇದೇ ಕೆಲಸ. ಬಸ್ಸು ಬೆಳಿಗ್ಗೆ ವೇಣೂರಿನಿಂದ ಹೊರಟು ಮೂಡುಬಿದಿರೆಯ ಒಂದು ಶಾಲೆಗೆ ಹೋಗುತ್ತದೆ, ಸಂಜೆ ಅದೇ ದಾರಿಯಲ್ಲಿ ವಾಪಸ್ಸು. ಬಸ್ಸು ಶಾಲೆಯದ್ದಲ್ಲ, ರಮಾನಾಥ ಶೆಟ್ಟರದ್ದು. ಶೆಟ್ಟರಿಗೆ ಅಂಥ ಒಂಬತ್ತು ಬಸ್ಸುಗಳಿವೆ, ಎಲ್ಲದರ ಹಣೆಯ ಮೇಲೂ ಅವರ ತಾಯಿಯ ಹೆಸರು, ಶಶಿಪ್ರಭಾ. ಆಫೀಸು ಮೆಲ್ಕಾರಿನಲ್ಲಿ, ಟಯರ್ ಅಂಗಡಿಯ ಮಾಳಿಗೆಯ ಮೇಲೆ. ಅಂದರೆ ಆಳು ಬೆಳ್ತಂಗಡಿ ತಾಲೂಕಿನವಳು, ಶಾಲೆ ಮೂಡುಬಿದಿರೆ ತಾಲೂಕಿನದ್ದು, ಧನಿ ಬಂಟ್ವಾಳ ತಾಲೂಕಿನವರು. ಕೆಲಸ ಇರುವ ತನಕ ಇದು ಯಾರ ತಲೆಗೂ ಹೊಳೆದಿರಲಿಲ್ಲ.

ಅವಳು ಇರುವುದು ಅಣ್ಣನ ಮನೆಯಲ್ಲಿ. ಮದುವೆಯಾಗದ ನಲವತ್ತಮೂರರ ಹೆಂಗಸು ಅಣ್ಣನ ಮನೆಯಲ್ಲಿ ತಲೆಯೆತ್ತಿ ಊಟ ಮಾಡಬೇಕಾದರೆ ಬೆಳಿಗ್ಗೆ ಆರೂವರೆಗೆ ಸೀರೆ ಉಟ್ಟು ಹೊರಡಲಿಕ್ಕೆ ಒಂದು ಕೆಲಸ ಇರಲೇಬೇಕು. ಕೆಲಸವಿದ್ದಾಗ ಅತ್ತಿಗೆ "ಹರಿಣ, ಒಂದು ದೋಸೆ ಹಾಕಲಾ?" ಎಂದು ಕೇಳುತ್ತಿದ್ದಳು. ಕೆಲಸ ಹೋದ ಮರುವಾರವೇ "ದೋಸೆ ಹಿಟ್ಟು ರುಬ್ಬಿಟ್ಟಿದ್ದೀಯಾ?" ಎಂದು ಕೇಳತೊಡಗಿದಳು. ಅದಕ್ಕಿಂತ ದೊಡ್ಡ ಸಂಕಟ ಪೇಟೆಯಲ್ಲಿತ್ತು. "ಮಗುವನ್ನು ಬಸ್ಸಲ್ಲಿ ಬಿಟ್ಟು ಹೋದ ಆಯಾ" ಎಂದು ಅಂಗಡಿಯಲ್ಲಿ ಬೆರಳು ತೋರಿಸುತ್ತಿದ್ದರು. ಅದೇ ಬಸ್ಸನ್ನು ಮತ್ತೆ ಹತ್ತದೆ ಆ ಹೆಸರು ತೊಳೆದು ಹೋಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅವಳಿಗೆ ಬೇಕಾದದ್ದು ಅದೊಂದೇ.

ಆದದ್ದು ಇಷ್ಟು. ಆಗಸ್ಟ್ ಕೊನೆಯ ಒಂದು ಬೆಳಿಗ್ಗೆ ಬಸ್ಸು ಮೂಡುಬಿದಿರೆ ಮುಟ್ಟುವಾಗ ಶೆಟ್ಟರ ಫೋನು ಬಂತು. ಮಂಗಳೂರಿನ ಬಸ್ಸಿನಲ್ಲಿ ಬ್ರೇಕಿನ ಸಾಮಾನು ಬರುತ್ತಿದೆ, ಹರಿಣಾಕ್ಷಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಅದನ್ನು ತೆಗೆದುಕೊಳ್ಳಬೇಕು.

"ಮಕ್ಕಳನ್ನು ಇಳಿಸಿ ಬರ್ತೇನೆ ಧನಿಗಳೇ" ಎಂದಳು.

"ಅಷ್ಟು ಹೊತ್ತು ಆ ಬಸ್ಸಿನವನು ನಿನಗೆ ಕಾಯ್ತಾನಾ? ಇಳಿ ಅಂದ್ರೆ ಇಳಿ."

ಇಳಿದಳು. ಡ್ರೈವರ್ ನಿಝಾರ್ ಮಕ್ಕಳನ್ನು ಶಾಲೆಯ ಅಂಗಳದಲ್ಲಿ ಇಳಿಸಿ, ಬಸ್ಸನ್ನು ಹಿಂದೆ ಮರದಡಿಗೆ ಹಾಕಿ, ಬಾಗಿಲು ಎಳೆದು ಚಾ ಕುಡಿಯಲಿಕ್ಕೆ ಹೋದ. ಕಡೆಯ ಸೀಟಿನಲ್ಲಿ ಯುಕೆಜಿಯ ಒಬ್ಬ ಹುಡುಗ ನಿದ್ದೆ ಮಾಡುತ್ತಿದ್ದ. ಮೂವತ್ತೈದು ನಿಮಿಷ ಕಳೆದು ಅವನು ಗಾಜಿಗೆ ಬಡಿದು ಅಳುವುದು ತೋಟದ ಕೆಲಸದವನಿಗೆ ಕೇಳಿತು. ದೇವರು ದೊಡ್ಡವನು, ಮಗುವಿಗೆ ಏನೂ ಆಗಲಿಲ್ಲ. ಆದರೆ ಮಗುವಿನ ತಂದೆ ಬಂದು ಕೂಗಾಡಿದರು, ಯಾರಾದರೊಬ್ಬರ ತಲೆ ಹೋಗಬೇಕಿತ್ತು. ಡ್ರೈವರನ ತಲೆ ಹೋದರೆ ಮರುದಿನ ಬಸ್ಸು ಓಡಿಸುವವರು ಯಾರು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಅದೇ ಸಂಜೆ ವಾಪಸ್ಸು ಬರುವಾಗ, ಹೊಸಂಗಡಿ ಸಿಗುವ ಮೊದಲು, ಬೆಳ್ತಂಗಡಿ ತಾಲೂಕಿನ ಗಡಿಯ ಬೋರ್ಡು ಇರುವಲ್ಲಿ ನಿಝಾರನ ಫೋನು ಬಡಿಯಿತು. ಅವನು ಬಸ್ಸು ಬದಿಗೆ ನಿಲ್ಲಿಸಿ ಸ್ಪೀಕರ್ ಹಾಕಿದ. ಹದಿನೆಂಟು ಮಕ್ಕಳ ಎದುರಿಗೆ ಶೆಟ್ಟರ ಸ್ವರ ಕೇಳಿತು. "ಆ ಹೆಂಗಸನ್ನು ಅಲ್ಲೇ ಇಳಿಸು. ನಾಳೆಯಿಂದ ಅವಳು ಬೇಡ."

"ಮಕ್ಕಳಿದ್ದಾರೆ ಧನಿಗಳೇ" ಎಂದ ನಿಝಾರ್.

"ನೀನಿದ್ದೀಯಲ್ಲ ಮಾರಾಯ. ಇಳಿಸು."

ಅವಳು ಇಳಿದಳು. ಇಳಿಯುವಾಗ ಫೋನಿಗೆ ಬಾಯಿ ಹಾಕಿ ಅವಳೂ ಎರಡು ಮಾತು ಆಡಿದಳು. ಆ ಎರಡು ಮಾತನ್ನು ಮನೆಯಲ್ಲೂ ಹೇಳಲಿಲ್ಲ, ಅರ್ಜಿ ಬರೆದುಕೊಟ್ಟ ವಸುಧಾ ಟೀಚರಿಗೂ ಹೇಳಲಿಲ್ಲ. ಉಳಿದ ದಾರಿಯಷ್ಟನ್ನೂ ನಡೆದುಕೊಂಡೇ ಬಂದಳು.

ವಸುಧಾ ಟೀಚರು ಹೈಸ್ಕೂಲಿನಿಂದ ನಿವೃತ್ತರಾದವರು. ಊರಿನ ಅರ್ಧ ಜನರ ಅರ್ಜಿ ಅವರದ್ದೇ ಅಕ್ಷರದಲ್ಲಿ ಹೋಗುತ್ತದೆ. ವಿಷಯ ಕೇಳಿ ಕನ್ನಡಕ ಸರಿಮಾಡಿ, "ಅಳುವುದು ಬೇಡ ಮಾರಾಯ್ತಿ. ಇದಕ್ಕೆ ಕಾರ್ಮಿಕ ಇಲಾಖೆ ಅಂತ ಒಂದು ಉಂಟು. ಅಲ್ಲಿಗೆ ಕೊಡುವ" ಎಂದರು.

ಮೊದಲು ಬೆಳ್ತಂಗಡಿಗೆ ಕೊಟ್ಟರು. ಅಲ್ಲಿನ ನಿರೀಕ್ಷಕರು ಒಳ್ಳೆಯವರೇ, ಕೂರಿಸಿ ಕೇಳಿದರು, ಶೆಟ್ಟರಿಗೆ ನೋಟಿಸು ಕಳಿಸಿದರು. ಮೂರು ವಾರ ಬಿಟ್ಟು ಶೆಟ್ಟರ ಉತ್ತರ ಬಂತು: ಈ ಹೆಂಗಸು ನನ್ನ ಆಳೇ ಅಲ್ಲ, ಶಾಲೆಯವರು ನೇಮಿಸಿಕೊಂಡ ಆಯಾ, ನಾನು ಬಸ್ಸು ಮಾತ್ರ ಬಾಡಿಗೆಗೆ ಬಿಟ್ಟವನು. ಶಾಲೆ ಇರುವುದು ಮೂಡುಬಿದಿರೆಯಲ್ಲಿ. ಹಾಗಾದರೆ ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದು ನಿರೀಕ್ಷಕರು ಹಿಂಬರಹ ಕೊಟ್ಟರು, ಶೆಟ್ಟರ ಉತ್ತರದ ಒಂದು ಪ್ರತಿಯನ್ನೂ ಲಗತ್ತಿಸಿದರು.

"ನನ್ನ ಆಳೇ ಅಲ್ಲ ಅಂತ ಬರೆದಿದ್ದಾನಾ?" ಹರಿಣಾಕ್ಷಿಗೆ ಕಣ್ಣು ಕತ್ತಲಿಟ್ಟಿತು. ಹನ್ನೊಂದು ವರ್ಷ ಅವಳು ಧನಿಗಳೇ ಎಂದು ಕರೆದದ್ದು ಯಾರನ್ನು ಹಾಗಾದರೆ, ಬಸ್ಸಿನ ಸ್ಟೇರಿಂಗನ್ನಾ?

ಮೂಡುಬಿದಿರೆಯ ಕಡತ ನೋಡುವವರ ಬಳಿಗೆ ಹೋದಳು. ಮತ್ತೆ ನೋಟಿಸು, ಮತ್ತೆ ಕಾಯುವುದು. ಈ ಸಲ ಶೆಟ್ಟರು ಬರೆದದ್ದು ಬೇರೆ: ಶಾಲೆಗೂ ಇವಳಿಗೂ ಸಂಬಂಧವಿಲ್ಲ, ಇವಳು ನನ್ನ ಮೆಲ್ಕಾರ್ ಆಫೀಸಿನ ತಾತ್ಕಾಲಿಕ ಆಳು, ಬೇಕಾದಾಗ ಕರೆದದ್ದು, ಬೇಡವಾದಾಗ ಬಿಟ್ಟದ್ದು, ಏನು ಕೇಳುವುದಿದ್ದರೂ ಬಂಟ್ವಾಳ ತಾಲೂಕಿನಲ್ಲಿ ಕೇಳಲಿ. ಇಲ್ಲಿಂದಲೂ ಒಂದು ಹಿಂಬರಹ, ಇನ್ನೊಂದು ಪ್ರತಿ. ವ್ಯಾಪ್ತಿ ಎಂಬ ಶಬ್ದ ಕೇಳಿದರೆ ಅವಳಿಗೆ ಈಗ ಹಲ್ಲು ಕಡಿಯುವ ಹಾಗೆ ಆಗುತ್ತಿತ್ತು.

ಬಂಟ್ವಾಳಕ್ಕೂ ಅರ್ಜಿ ಕಳಿಸಿದರು. ಅಲ್ಲಿಂದ ಕರೆ ಬಂದು ಬಿ.ಸಿ. ರೋಡಿನ ಆಫೀಸಿಗೆ ಹೋದಾಗ ನವೆಂಬರ್ ಮುಗಿಯುತ್ತ ಬಂದಿತ್ತು. ಜೊತೆಗೆ ವಸುಧಾ ಟೀಚರೂ ಇದ್ದರು. ಅಲ್ಲಿನ ನಿರೀಕ್ಷಕರು ಶೆಟ್ಟರ ಉತ್ತರವನ್ನು ಮುಂದಿಟ್ಟುಕೊಂಡು ಹರಿಣಾಕ್ಷಿಯನ್ನು ಒಂದು ಥರ ನೋಡಿದರು.

"ಅಕ್ಕ, ಇದು ನೀವು ಹೇಳಿದ ಹಾಗೆ ಇಲ್ಲವಲ್ಲ. ನೀವೇ ಬಿಟ್ಟು ಹೋದದ್ದಂತೆ. ಬೆಳ್ತಂಗಡಿ ತಾಲೂಕಿನ ಗಡಿಯೊಳಗೆ ಬಸ್ಸಿನಿಂದ ಇಳಿದು, 'ಧರ್ಮಸ್ಥಳದ ಮಂಜುನಾಥನ ಆಣೆ, ಇನ್ನು ನಿನ್ನ ಬಸ್ಸಿನ ಮೆಟ್ಟಿಲಿಗೆ ಕಾಲಿಡುವುದಿಲ್ಲ' ಅಂತ ಹೇಳಿದ್ದೀರಂತೆ. ಹೇಳಿದ್ದು ಹೌದಾ?"

ಹರಿಣಾಕ್ಷಿಯ ಮುಖ ಬಿಳಿಚಿತು. ನಿರೀಕ್ಷಕರು ಇನ್ನೇನು ಮಾಡುವುದು, ಹಾಗಾದರೆ ಬೆಳ್ತಂಗಡಿಗೆ ಹೋಗಿ ಎಂದು ಮೂರನೆಯ ಹಿಂಬರಹವನ್ನೂ ಉತ್ತರದ ಪ್ರತಿಯನ್ನೂ ಕೊಟ್ಟರು. ಎಲ್ಲಿಂದ ಹೊರಟಳೋ ಅಲ್ಲಿಗೇ.

ಆಫೀಸಿನ ಹೊರಗೆ ಬಂದದ್ದೇ ವಸುಧಾ ಟೀಚರು ಸಿಡಿದರು. "ಮಂಜುನಾಥನ ಆಣೆ ಹಾಕಿದ್ದೀಯಾ? ತಲೆ ಸಮ ಉಂಟಾ ನಿನಗೆ? ಕೆಲಸ ವಾಪಸ್ಸು ಕೊಡಿ ಅಂತ ನಾನಿಲ್ಲಿ ಪುಟಗಟ್ಟಲೆ ಬರೆಯುವುದು, ಬಸ್ಸು ಹತ್ತುವುದಿಲ್ಲ ಅಂತ ನೀನು ಆಣೆ ಹಾಕಿ ಕೂತದ್ದು!"

"ಸಿಟ್ಟು ಬಂತು ಟೀಚರೇ. ಮಕ್ಕಳೆಲ್ಲ ನೋಡ್ತಾ ಇದ್ರು. ಬೇರೆ ಎಂತ ಹೇಳುವುದು ಅಂತ ಗೊತ್ತಾಗ್ಲಿಲ್ಲ."

ಈ ಸೀಮೆಯಲ್ಲಿ ಜನ ಪೋಲೀಸು ಕೇಸಿಗೆ ಹೆದರದಿದ್ದರೂ ಆ ಆಣೆಗೆ ಹೆದರುತ್ತಾರೆ. ಆಣೆ ಹಾಕಿ ತಪ್ಪಿದವರ ಕೈ ಬಿದ್ದದ್ದು, ಕಣ್ಣು ಹೋದದ್ದು, ಹಟ್ಟಿಯ ದನ ಸತ್ತದ್ದು, ಒಂದೊಂದು ಮನೆಯಲ್ಲಿ ಒಂದೊಂದು ಕಥೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಶೆಟ್ಟರಿಗೆ ಇದು ಚೆನ್ನಾಗಿ ಗೊತ್ತಿತ್ತು, ಅದಕ್ಕೇ ಆ ಅಸ್ತ್ರವನ್ನು ಕೊನೆಗೆಂದು ಇಟ್ಟುಕೊಂಡಿದ್ದರು.

"ಮುಂದೆ ಯಾರು ಕೇಳಿದ್ರೂ ಹಾಗೆ ಹೇಳ್ಲೇ ಇಲ್ಲ ಅನ್ನು" ಎಂದರು ಟೀಚರು ಸ್ವಲ್ಪ ತಣ್ಣಗಾಗಿ. "ನಿಝಾರ್ ಬಾಯಿ ಬಿಡ್ಲಿಕ್ಕಿಲ್ಲ. ಮಕ್ಕಳನ್ನು ಯಾರು ಕೇಳ್ತಾರೆ?"

"ಹಾಕಿದ ಆಣೆಯನ್ನು ಹಾಕ್ಲಿಲ್ಲ ಅಂತ ಹೇಳ್ಲಿಕ್ಕೆ ನನ್ನಿಂದ ಆಗ್ಲಿಕ್ಕಿಲ್ಲ ಟೀಚರೇ. ಕೆಲಸ ಹೋದ್ರೆ ಹೋಗ್ಲಿ."

ಟೀಚರು ಅವಳನ್ನು ಒಮ್ಮೆ ದುರುಗುಟ್ಟಿ ನೋಡಿದರು. ಆಮೇಲೆ ಪಕ್ಕದ ಜೆರಾಕ್ಸ್ ಅಂಗಡಿಗೆ ಹೋಗಿ, ಮೂರು ಹಿಂಬರಹಗಳನ್ನೂ ಶೆಟ್ಟರ ಮೂರು ಉತ್ತರಗಳನ್ನೂ ಒಟ್ಟಿಗೆ ಪಿನ್ನು ಹೊಡೆದು, ಮೇಲೆ ಅರ್ಧ ಪುಟ ಬರೆದು, ಮಂಗಳೂರಿನ ಮೇಲಧಿಕಾರಿಗೆ ರಿಜಿಸ್ಟರ್ಡ್ ಟಪಾಲು ಹಾಕಿದರು. ಅರ್ಧ ಪುಟದಲ್ಲಿ ಒಂದೇ ಪ್ರಶ್ನೆ: ಈ ಹೆಂಗಸು ಯಾವ ತಾಲೂಕಿನಲ್ಲಿ ಕೆಲಸ ಕಳೆದುಕೊಂಡಳು ಎಂದು ತಾವಾದರೂ ತಿಳಿಸಬೇಕು.

ಡಿಸೆಂಬರ್ ಕೊನೆಯಲ್ಲಿ ಕರೆ ಬಂತು. ಮಂಗಳೂರಿನ ಆ ಕೋಣೆಯಲ್ಲಿ ಮೇಜಿನ ಒಂದು ಬದಿಗೆ ಹರಿಣಾಕ್ಷಿ ಮತ್ತು ಟೀಚರು, ಇನ್ನೊಂದು ಬದಿಗೆ ಶೆಟ್ಟರು. ಶೆಟ್ಟರು ಸಾಕ್ಷಿಗೆಂದು ನಿಝಾರನನ್ನು ಕರೆದುಕೊಂಡು ಬಂದಿದ್ದರು. ನಿಝಾರ್ ಅವಳ ಮುಖ ನೋಡಲಿಲ್ಲ, ಅವಳೂ ಅವನ ಮುಖ ನೋಡಲಿಲ್ಲ. ನಾಲ್ಕು ತಿಂಗಳಲ್ಲಿ ಒಂದು ಫೋನು ಮಾಡದವನ ಮುಖ ಏನು ನೋಡುವುದು? ಮೇಲಧಿಕಾರಿ ಘಟ್ಟದ ಮೇಲಿನ ಕಡೆಯ ಹೆಂಗಸು, ದಪ್ಪ ಕನ್ನಡಕ, ಅವಸರದ ಮಾತು.

ಶೆಟ್ಟರು ಕೂರುವ ಮೊದಲೇ ಶುರುಮಾಡಿದರು. "ಮೇಡಂ, ಮೊದಲು ಇದು ಯಾರ ವ್ಯಾಪ್ತಿ ಅಂತ ತೀರ್ಮಾನ ಆಗ್ಲಿ. ನಾನು ಮಾತಾಡಿದ್ದು ಮೆಲ್ಕಾರಿನಿಂದ. ಅವಳಿದ್ದದ್ದು ಬಸ್ಸಿನಲ್ಲಿ. ಬಸ್ಸಿದ್ದದ್ದು ಗಡಿಯಲ್ಲಿ."

"ಬಸ್ ಎಲ್ಲಿ ನಿಂತಿತ್ತಪ್ಪಾ?" ಮೇಡಂ ನಿಝಾರನನ್ನು ಕೇಳಿದರು.

"ಗಡಿ ಬೋರ್ಡಿನ ಹತ್ತಿರ ಮೇಡಂ."

"ಆ ಕಡೆಗೋ, ಈ ಕಡೆಗೋ?"

ನಿಝಾರ್ ಯೋಚಿಸಿದ. ಡ್ರೈವರನಲ್ಲವೇ, ಬಸ್ಸು ನಿಲ್ಲಿಸಿದ ಜಾಗದ ಬಗ್ಗೆ ಸುಳ್ಳು ಹೇಳಲಿಕ್ಕೆ ಅವನಿಗೆ ಬರುತ್ತಿರಲಿಲ್ಲ. "ಮುಂದಿನ ಚಕ್ರ ಬೆಳ್ತಂಗಡಿಯಲ್ಲಿತ್ತು, ಹಿಂದಿನ ಚಕ್ರ ಮೂಡುಬಿದಿರೆಯಲ್ಲಿತ್ತು ಮೇಡಂ."

ಮೂಲೆಯಲ್ಲಿದ್ದ ಗುಮಾಸ್ತ ಕಿಸಕ್ಕನೆ ನಕ್ಕ. ಮೇಡಂ ನಗಲಿಲ್ಲ. "ಎಲ್ಲಾ ಚಕ್ರಾನೂ ನನ್ನ ಜಿಲ್ಲೇಲೇ ಇವೆ. ಶೆಟ್ಟರೇ, ನೀವು ಎಲ್ಲಿ ಕೂತು ಮಾತಾಡಿದ್ರಿ ಅನ್ನೋದು ನನಗೆ ಬೇಡ. ನಿಮ್ಮ ಮಾತು ಎಲ್ಲಿ ಹೋಗಿ ಈಕೆ ಕಿವಿಗೆ ಬಿತ್ತೋ, ಈಕೆ ಕೆಲಸ ಹೋಗಿದ್ದು ಅಲ್ಲಿ. ಬೆಳ್ತಂಗಡಿಯವರೂ ಇದನ್ನ ತಗೋಬಹುದಿತ್ತು, ಮೂಡುಬಿದಿರೆಯವರೂ ತಗೋಬಹುದಿತ್ತು. ಈಗ ನಾನು ತಗೊಂಡಿದೀನಿ. ವ್ಯಾಪ್ತಿ ವಿಷಯ ಮುಗೀತು. ಮುಂದೆ ಹೇಳಿ."

ನಾಲ್ಕು ತಿಂಗಳು ಅವಳನ್ನು ಊರೂರು ಅಲೆಸಿದ ವಿಷಯ ಒಂದು ನಿಮಿಷದಲ್ಲಿ ಮುಗಿಯಿತು. ಹರಿಣಾಕ್ಷಿಗೆ ಸಂತೋಷವಾಗಲಿಲ್ಲ, ಮೈಯೆಲ್ಲ ಉರಿಯಿತು. ಇಷ್ಟೇ ಆದರೆ ಇಷ್ಟು ದಿನ ಯಾಕೆ?

"ಮುಂದೆ ಹೇಳುವುದು ಎಂತ ಉಂಟು ಮೇಡಂ?" ಶೆಟ್ಟರು ನಗುತ್ತ ಕುರ್ಚಿಗೆ ಒರಗಿದರು. "ನಾನು ತೆಗೆಯಲಿಲ್ಲ. ಅವಳೇ ಮಂಜುನಾಥನ ಆಣೆ ಹಾಕಿ ಬಿಟ್ಟದ್ದು. ಅವಳನ್ನೇ ಕೇಳಿ. ಇಲ್ಲ ಅಂತ ಹೇಳ್ಲಿ ನೋಡುವ."

ಟೀಚರು ಮೇಜಿನಡಿಯಲ್ಲಿ ಹರಿಣಾಕ್ಷಿಯ ಮಂಡಿ ಚಿವುಟಿದರು. ಚೆನ್ನಾಗಿಯೇ ಚಿವುಟಿದರು. ಹರಿಣಾಕ್ಷಿ ಎದ್ದು ನಿಂತಳು.

"ಹೇಳಿದ್ದೇನೆ ಮೇಡಂ. ಆಣೆ ಹಾಕಿದ್ದು ಹೌದು."

ಶೆಟ್ಟರು ಎರಡು ಕೈಯನ್ನೂ ಅಗಲಿಸಿ ಮೇಡಮ್ಮಿನ ಕಡೆಗೆ ತೋರಿಸಿದರು. ಟೀಚರು ಕಣ್ಣು ಮುಚ್ಚಿದರು.

"ಯಾವಾಗ ಹೇಳಿದ್ರಿ?" ಮೇಡಂ ಕೇಳಿದರು. "ನಾಳೆಯಿಂದ ಬೇಡ ಅಂತ ಇವರು ಅನ್ನೋ ಮೊದಲೋ, ಅಂದ ಮೇಲೋ?"

"ಅಂದ ಮೇಲೆ."

"ಸುಳ್ಳು" ಎಂದರು ಶೆಟ್ಟರು.

"ಡ್ರೈವರೇ, ನೀವು ಹೇಳಿ."

ನಿಝಾರ್ ಮೇಜಿನ ಮರ ನೋಡುತ್ತ ಕೂತ. ಶೆಟ್ಟರು ಅವನ ಕಡೆಗೆ ತಿರುಗಿ ಗಂಟಲು ಸರಿಮಾಡಿಕೊಂಡರು. ಆ ಸದ್ದಿನ ಅರ್ಥ ಅವನಿಗೂ ಗೊತ್ತು, ಹರಿಣಾಕ್ಷಿಗೂ ಗೊತ್ತು. ಬಾಯಿ ಬಿಡು, ಮೂಳ, ಎಂದು ಅವಳು ಮನಸ್ಸಿನಲ್ಲೇ ಬೈದಳು. ನಿನ್ನ ತಪ್ಪಿಗೆ ನಾನು ಊರೆಲ್ಲ ಬೈಸಿಕೊಂಡೆ, ಒಂದು ಮಾತು ನಿನ್ನ ಬಾಯಿಂದ ಬೀಳುವುದಿಲ್ಲವಾ?

"ಅಂದ ಮೇಲೆ ಮೇಡಂ" ಎಂದ ನಿಝಾರ್, ತಲೆಯೆತ್ತದೆ. "ಆ ದಿನ ಬೆಳಿಗ್ಗೆ ಅವರನ್ನು ಬಸ್‌ಸ್ಟ್ಯಾಂಡಿನಲ್ಲಿ ಇಳಿಸಿದ್ದೂ ಧನಿಗಳೇ. ಹಿಂದಿನ ಸೀಟು ನೋಡದೆ ಬಾಗಿಲು ಹಾಕಿದ್ದು ನಾನು."

ಮೇಡಂ ಕಡತ ಬಿಚ್ಚಿ ಶೆಟ್ಟರ ಮೂರು ಪತ್ರಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. "ಬೆಳ್ತಂಗಡಿಗೆ ಬರೆದಿದ್ದೀರಿ, ಈಕೆ ನಿಮ್ಮ ಆಳೇ ಅಲ್ಲ ಅಂತ. ಮೂಡುಬಿದಿರೆಗೆ ಬರೆದಿದ್ದೀರಿ, ನಿಮ್ಮದೇ ಆಳು, ನೀವೇ ಬಿಟ್ಟಿದ್ದು ಅಂತ. ಬಂಟ್ವಾಳಕ್ಕೆ ಬರೆದಿದ್ದೀರಿ, ತಾನೇ ಬಿಟ್ಟು ಹೋದಳು ಅಂತ. ಮೂರಕ್ಕೂ ನಿಮ್ಮದೇ ಸಹಿ. ಇದರಲ್ಲಿ ಯಾವ ರಮಾನಾಥ ಶೆಟ್ಟರನ್ನ ನಂಬಲಿ ಹೇಳಿ."

ಶೆಟ್ಟರ ನಗು ಆರಿತು. ಒಂದೊಂದು ಆಫೀಸಿಗೆ ಒಂದೊಂದು ಕಥೆ ಹೇಳಿ ಅವಳನ್ನು ದಣಿಸಿದೆ ಎಂದುಕೊಂಡಿದ್ದ ಮನುಷ್ಯನಿಗೆ ಆ ಮೂರು ಕಾಗದ ಒಂದೇ ಮೇಜಿಗೆ ಬರಬಹುದು ಎಂದು ಕನಸಲ್ಲೂ ಹೊಳೆದಿರಲಿಲ್ಲ. ತಾನು ತೋಡಿದ ಗುಂಡಿ, ಈಗ ಬೀಳಬೇಕಾದವನೂ ತಾನೇ.

"ನಾನಿಲ್ಲಿ ತೀರ್ಪು ಕೊಡೋದಿಲ್ಲ, ರಾಜಿ ಮಾಡಿಸ್ತೀನಿ ಅಷ್ಟೇ" ಎಂದರು ಮೇಡಂ. "ರಾಜಿ ಆಗ್ಲಿಲ್ಲ ಅಂದ್ರೆ ಈ ಮೂರು ಪತ್ರಾನೂ ತಗೊಂಡು ಈಕೆ ಲೇಬರ್ ಕೋರ್ಟಿಗೆ ಹೋಗ್ತಾಳೆ. ಆಗ ಕಟಕಟೇಲಿ ನಿಂತು ನೀವು ಪ್ರಮಾಣ ಮಾಡಬೇಕಾಗುತ್ತೆ."

ಶೆಟ್ಟರು ಪತ್ರಗಳನ್ನು ಒಂದೊಂದಾಗಿ ಎತ್ತಿ ತಮ್ಮ ಸಹಿ ನೋಡಿದರು. ಆಮೇಲೆ ಏನೋ ನೆನಪಾದ ಹಾಗೆ ಅವರ ಮುಖ ಮತ್ತೆ ಅರಳಿತು. "ಆಯ್ತು, ಸೈನ್ ಹಾಕ್ತೇನೆ. ಅದೇ ಕೆಲಸ, ಅದೇ ಬಸ್ಸು. ಆದ್ರೆ ಒಂದು ಬರೀರಿ ಮೇಡಂ. ಸೋಮವಾರ ಬೆಳಿಗ್ಗೆ ಅವಳು ಬಸ್ಸು ಹತ್ತಬೇಕು. ಹತ್ತದಿದ್ರೆ ಆಮೇಲೆ ಯಾವ ಆಫೀಸಿಗೂ ಅರ್ಜಿ ಕೊಡ್ಲಿಕ್ಕಿಲ್ಲ."

ಮೇಡಂ ಹರಿಣಾಕ್ಷಿಯನ್ನು ನೋಡಿದರು. ಅವಳು ತಲೆಯಾಡಿಸಿದಳು. ಇಬ್ಬರೂ ಸಹಿ ಹಾಕಿದರು. ಮೆಟ್ಟಿಲಿಳಿಯುವಾಗ ಶೆಟ್ಟರು ಅವಳ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದರು. "ಕಾಗದ ನಿನ್ನ ಕೈಯಲ್ಲಿ ಉಂಟು, ಹರಿಣಾಕ್ಷಿ. ಆಣೆ ಮಂಜುನಾಥನ ಕೈಯಲ್ಲಿ ಉಂಟು. ಹತ್ತು ನೋಡುವ ನನ್ನ ಬಸ್ಸು."

ಶನಿವಾರ ಇಡೀ ದಿನ ಅವಳು ಅನ್ನ ಮುಟ್ಟಲಿಲ್ಲ. "ಕಾಗದ ಸಿಕ್ಕಿದ ಮೇಲೆ ಅಳುವುದು ಎಂತಕ್ಕೆ?" ಎಂದು ಅತ್ತಿಗೆ ಗೊಣಗಿದಳು. ಅಣ್ಣನಿಗೆ ಆಣೆಯ ವಿಷಯ ಅಷ್ಟರಲ್ಲಿ ತಿಳಿದಿತ್ತು. "ಹತ್ತಬೇಡ ಹರಿಣ. ನಿನಗೆ ಏನಾದ್ರೂ ಆದ್ರೆ ಆಗ್ಲಿ, ಮನೆಗೆ ತಟ್ಟುವುದು ಬೇಡ" ಎಂದ. ಆ ಮಾತು ಶೆಟ್ಟರ ಮಾತಿಗಿಂತ ಹೆಚ್ಚು ಚುಚ್ಚಿತು. ಇಷ್ಟು ವರ್ಷದ ಅಣ್ಣ, ನಿನಗೆ ಏನಾದರೂ ಆದರೆ ಆಗಲಿ ಎಂದನಲ್ಲ!

ಭಾನುವಾರ ಬೆಳಿಗ್ಗೆ ಯಾರಿಗೂ ಹೇಳದೆ ಧರ್ಮಸ್ಥಳದ ಬಸ್ಸು ಹತ್ತಿದಳು. ರಜೆಯ ಜನ ಕಿಕ್ಕಿರಿದಿತ್ತು. ದೇವರ ಎದುರಿಗೆ ಬಂದಾಗ, ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತು ಒಂದೂ ನೆನಪಾಗಲಿಲ್ಲ. "ತಪ್ಪಾಯ್ತು ಸ್ವಾಮೀ. ಸಿಟ್ಟಿನಲ್ಲಿ ನಿಮ್ಮ ಹೆಸರು ಎತ್ತಿದೆ. ಆ ಕೆಲಸ ಬಿಟ್ಟರೆ ನನಗೆ ಬೇರೆ ಗತಿ ಇಲ್ಲ" ಎಂದಷ್ಟೇ ಹೇಳಿ, ಕಣ್ಣೀರು ಒರೆಸಿ, ಆಣೆಯಿಂದ ಬಿಡಿಸಬೇಕೆಂದು ತಪ್ಪುಕಾಣಿಕೆ ಹಾಕಿದಳು. ಹಿಂದಿನವರು ತಳ್ಳಿದರು, ಮುಂದೆ ಹೋದಳು. ಅಷ್ಟೇ. ಹೊರಗೆ ಬಂದು ಅನ್ನದ ಸಾಲಿನಲ್ಲಿ ಕೂತು ಎರಡು ಸಲ ಸಾರು ಬಡಿಸಿಕೊಂಡು ಹೊಟ್ಟೆ ತುಂಬ ಉಂಡಳು.

ಸೋಮವಾರ ಆರೂವರೆಗೆ ವೇಣೂರಿನ ಸ್ಟಾಪಿನಲ್ಲಿ ಶೆಟ್ಟರ ಕಾರು ಬಂದು ನಿಂತಿತ್ತು. ಮೆಲ್ಕಾರಿನಿಂದ ಇಷ್ಟು ದೂರ, ಬೆಳಗಿನ ಚಾ ಕೂಡ ಕುಡಿಯದೆ, ಒಬ್ಬ ಹೆಂಗಸು ಬಸ್ಸು ಹತ್ತದಿರುವುದನ್ನು ನೋಡಲಿಕ್ಕೆ ಬಂದಿದ್ದರು ಪುಣ್ಯಾತ್ಮರು. ಬಸ್ಸು ಬಂತು. ನಿಝಾರ್ ಬಾಗಿಲು ತೆರೆದ. ಮಕ್ಕಳ ತಾಯಂದಿರು ನಾಲ್ಕು ಮಂದಿ ನಿಂತು ನೋಡುತ್ತಿದ್ದರು.

ಹರಿಣಾಕ್ಷಿ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಹತ್ತಿಸಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೆಟ್ಟಿಲಿಗೆ ಕಾಲಿಟ್ಟು ಮೇಲೆ ಹತ್ತಿದಳು.

ಶೆಟ್ಟರು ಕಾರಿನಿಂದ ಇಳಿದು ಕಿಟಕಿಯ ಹತ್ತಿರಕ್ಕೇ ಬಂದರು. ಮುಖ ಕೆಂಪಾಗಿತ್ತು. "ಹತ್ತಿಯೇಬಿಟ್ಟೆಯಾ? ಮಂಜುನಾಥಸ್ವಾಮಿಗೆ ಎಂತ ಉತ್ತರ ಕೊಡ್ತಿ?"

"ನಿನ್ನೆ ಹೋಗಿ ಕೊಟ್ಟು ಬಂದೆ ಧನಿಗಳೇ" ಎಂದಳು ಹರಿಣಾಕ್ಷಿ. "ಒಂದು ನಿಮಿಷದಲ್ಲಿ ಆಯ್ತು. ನೀನು ಯಾವ ತಾಲೂಕು ಅಂತ ಅಲ್ಲಿ ಯಾರೂ ಕೇಳ್ಲಿಲ್ಲ."

ಬಾಗಿಲು ಎಳೆದುಕೊಂಡು, ತಗಡಿಗೆ ಅಂಗೈಯಿಂದ ಎರಡು ಸಲ ಬಡಿದು, ಹೋಗುವ ಎಂದು ಅವಳು ತುಳುವಿನಲ್ಲಿ ಕೂಗಿದ್ದು ಇಡೀ ಪೇಟೆಗೆ ಕೇಳಿತು. "ರೈಟ್... ಪೋಯಿ!"